ಒಲ್ಲೆ ಎನ್ನಲಾರದ ಆಳು

ಮನೆಗೆಲಸದ ಯಂತ್ರಮಾನವರ ಬಗ್ಗೆ ಕೊಪ್ಪಳದಲ್ಲಿ ಓದುಗರ ಒಂದು ಕೂಟದಲ್ಲಿ ಆಡಿದ ಮಾತುಗಳನ್ನು ಬರಹಕ್ಕೆ ಇಳಿಸಿದ್ದೇನೆ. ಆಡುವಾಗ ಹೊತ್ತು ಸಾಲದೆ ಬಿಟ್ಟ ಒಂದೆರಡು ವಿಷಯಗಳನ್ನು ಇಲ್ಲಿ ಸೇರಿಸಿದ್ದೇನೆ.

82 ವರ್ಷದ ನಮ್ಮ ಅವ್ವನಿಗೆ ಮರೆವು ಶುರುವಾಗಿ ಮೂರು ವರ್ಷವಾಯಿತು. ಬೆಳಿಗ್ಗೆ ತಿಂದದ್ದು ಮಧ್ಯಾಹ್ನಕ್ಕೆ ನೆನಪಿರುವುದಿಲ್ಲ, ತೀರಿಹೋದ ತಂಗಿಯನ್ನು ಹೊರಗೆ ಯಾಕೆ ಕೂರಿಸಿದ್ದೀರಿ ಎಂದು ಗದರುತ್ತಾಳೆ. ಆದರೆ ಮುಂಬಾಗಿಲಿನಿಂದ ಬಂದವರನ್ನೆಲ್ಲ "ಉಂಡಿ ಏನವಾ?" ಎಂದು ಕೇಳುವುದನ್ನು ಮಾತ್ರ ಮರೆತಿಲ್ಲ. ಕಳೆದ ವರ್ಷ ನನ್ನ ಮಗ ಅವಳ ಮಂಚದ ಪಕ್ಕದ ಗೋಡೆಯ ಮಾಡದಲ್ಲಿ, ಕೇಳಿದ್ದಕ್ಕೆ ಕನ್ನಡದಲ್ಲಿ ಉತ್ತರಿಸುವ ಒಂದು ಮೊಬೈಲ್ ಇಟ್ಟುಹೋದ. ಮಾತ್ರೆಯ ಹೊತ್ತನ್ನು ಹೇಳುವುದಕ್ಕೆ, ಇಂದು ಯಾವ ವಾರ ಎಂದು ತಿಳಿಸುವುದಕ್ಕೆ, ಬೇಕೆಂದಾಗ ವಚನ ಹಾಡಿಸುವುದಕ್ಕೆ ಅದು ಒದಗಿತು. ಒಂದು ಮಧ್ಯಾಹ್ನ ರೊಟ್ಟಿ ಮುರಿಯುತ್ತಿದ್ದ ಅವ್ವ ಮಾಡದ ಕಡೆ ತಿರುಗಿ "ಉಂಡಿ ಏನವಾ?" ಎಂದಳು. "ಕ್ಷಮಿಸಿ, ನನಗೆ ಅರ್ಥವಾಗಲಿಲ್ಲ" ಎಂದಿತು ಅದು. ಅವ್ವ ಅರ್ಧ ರೊಟ್ಟಿಯ ಮೇಲೆ ಶೇಂಗಾ ಹಿಂಡಿ ಹಾಕಿ, ಕೈ ಚಾಚಿ ಅದರ ಮುಂದಿಟ್ಟು, "ಪಾಪ, ಇನ್ನಾ ಉಂಡಿಲ್ಲ ಅದು" ಎಂದಳು.

ತಿಕ್ಕಿದ ಭಾಂಡೆಗಳನ್ನು ಬುಟ್ಟಿಯಲ್ಲಿ ಹೊತ್ತು ಆಗ ತಾನೆ ಹಿತ್ತಲ ಬಾಗಿಲಿನಿಂದ ಒಳಗೆ ಬಂದ ಹೆಣ್ಣುಮಗಳು ಅದನ್ನು ನೋಡಿದಳು. ಬುಟ್ಟಿ ಇಳಿಸಿ, ನೀರು ಸೋರುತ್ತಿದ್ದ ಕೈಯನ್ನು ಸೆರಗಿಗೆ ಒರೆಸಿಕೊಂಡು, ಮೆಲ್ಲಗೆ "ಅಕ್ಕೋರ, ಅದಕ್ಕ ಹೊಟ್ಟಿ ಐತೇನ್ರಿ?" ಎಂದು ಕೇಳಿದಳು. ಹನ್ನೊಂದು ವರ್ಷದಿಂದ ನಮ್ಮ ಮನೆಗೆ ಬರುತ್ತಿರುವಾಕೆ. ಹಿತ್ತಲ ಕಟ್ಟೆಯ ಮೇಲೆ ಅವಳಿಗೆಂದು ಒಂದು ಲೋಟ ಬೇರೆ ಇದೆ. ಉಂಡಿಯಾ ಎಂದು ಅವಳನ್ನು ನಾನು ಅಲ್ಲಿಯವರೆಗೆ ಒಮ್ಮೆಯಾದರೂ ಕೇಳಿದ ನೆನಪಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಕನ್ನಡ ಕಲಿಸಿ ನಿವೃತ್ತಳಾದವಳು ನಾನು.

ಮನೆಗೆಲಸದ ಯಂತ್ರಮಾನವರ ಬಗ್ಗೆ ಮಾತನಾಡಬೇಕೆಂದು ನನ್ನನ್ನು ಕರೆದಾಗ ಮೊದಲು ನೆನಪಾದದ್ದು ಆಕೆಯ ಆ ಪ್ರಶ್ನೆ. ಅಂಥ ಯಂತ್ರ ಇನ್ನು ಕೇವಲ ಕಲ್ಪನೆಯಾಗಿ ಉಳಿದಿಲ್ಲ. 2025ರ ಅಕ್ಟೋಬರ್‌ನಲ್ಲಿ ಒನ್‌ಎಕ್ಸ್ ಎಂಬ ಕಂಪನಿ ಬಟ್ಟೆ ಮಡಿಸುವ, ಪಾತ್ರೆ ಎತ್ತಿಡುವ, ಕರೆದರೆ ಬರುವ, ಮನುಷ್ಯನ ಎತ್ತರದ ಯಂತ್ರವೊಂದಕ್ಕೆ ಮುಂಗಡ ಪಡೆಯಲು ಆರಂಭಿಸಿತು. ಆಗ ಅದರ ಬೆಲೆ 20,000 ಡಾಲರ್, ಎಂದರೆ ಸುಮಾರು ಹದಿನೇಳೂವರೆ ಲಕ್ಷ ರೂಪಾಯಿ ಇತ್ತು. ನಮ್ಮ ಜಿಲ್ಲೆಯಲ್ಲಿ ಅಷ್ಟು ಹಣಕ್ಕೆ ಎರಡು ಟ್ರ್ಯಾಕ್ಟರ್ ಬರುತ್ತವೆ ಎಂದು ನೀವು ಹೇಳಬಹುದು. ಮೊಬೈಲ್ ಬಂದಾಗಲೂ ಹಾಗೆಯೇ ಅಂದುಕೊಂಡಿದ್ದೆವು. ನಮ್ಮ ಮೊಮ್ಮಕ್ಕಳು ದೊಡ್ಡವರಾಗುವ ಹೊತ್ತಿಗೆ ಹೊಸಪೇಟೆ, ಬಳ್ಳಾರಿ, ಕೊಪ್ಪಳದ ಒಂದಷ್ಟು ಮನೆಗಳಿಗೆ ಅದು ಬಂದೇ ಬರುತ್ತದೆ ಎಂಬುದನ್ನು ಒಪ್ಪಿಕೊಂಡು ಮುಂದೆ ಮಾತನಾಡುತ್ತೇನೆ. ಅದಕ್ಕೆ ಮನಸ್ಸು ಇದೆಯೋ ಇಲ್ಲವೋ ಎಂಬ ಚರ್ಚೆಯನ್ನು ಬಲ್ಲವರಿಗೆ ಬಿಡುತ್ತೇನೆ. ಅದು ಬಂದು ನಿಲ್ಲುವ ಜಾಗ ನಮ್ಮ ಮನೆಗಳಲ್ಲಿ ಈಗಾಗಲೇ ಇದೆ. ಆ ಜಾಗದಲ್ಲಿ ಇಷ್ಟು ದಿನ ನಿಂತವರ ಜೊತೆ ನಾವು ಹೇಗಿದ್ದೆವು ಎಂಬುದು ನನ್ನ ವಿಷಯ.

'ರೋಬಾಟ್' ಎಂಬ ಪದದ ಮೂಲವನ್ನು ಇಲ್ಲಿ ಹೇಳಲೇಬೇಕು. ಜೆಕ್ ನಾಟಕಕಾರ ಕರೆಲ್ ಚಾಪೆಕ್ 1920ರ ತನ್ನ ನಾಟಕದಲ್ಲಿ, ಕಾರ್ಖಾನೆಯಲ್ಲಿ ತಯಾರಾದ ಕೃತಕ ಆಳುಗಳಿಗೆ ಹೆಸರು ಹುಡುಕುತ್ತಿದ್ದಾಗ ಅವನ ಅಣ್ಣ ಯೋಸೆಫ್ ಈ ಪದವನ್ನು ಸೂಚಿಸಿದ. ಅದು ಬಂದದ್ದು 'ರೊಬೋಟ' ಎಂಬ ಜೆಕ್ ಪದದಿಂದ. ಜಮೀನುದಾರನ ಹೊಲದಲ್ಲಿ ಒಕ್ಕಲು ಮಕ್ಕಳು ವಾರಕ್ಕೆ ಇಷ್ಟು ದಿನ ಎಂದು ಕೂಲಿಯಿಲ್ಲದೆ ದುಡಿಯಬೇಕಾಗಿದ್ದ ಕಟ್ಟುಪಾಡಿಗೆ ಆ ಸೀಮೆಯಲ್ಲಿ ಹಾಗೆನ್ನುತ್ತಿದ್ದರು. 1848ರಲ್ಲಿ ಅದನ್ನು ರದ್ದುಮಾಡಲಾಯಿತು. ಇದಕ್ಕೆ ಕನ್ನಡದಲ್ಲಿ ಸರಿಯಾದ ಮಾತು ಯಾವುದು ಎಂದು ಯಾರೂ ನಿಘಂಟು ತೆರೆಯಬೇಕಿಲ್ಲ: ಬಿಟ್ಟಿ ಚಾಕರಿ. ರಾಯಚೂರು, ಕೊಪ್ಪಳಗಳು 1948ರ ಸೆಪ್ಟೆಂಬರ್‌ವರೆಗೆ ನಿಜಾಮನ ಆಳ್ವಿಕೆಯಲ್ಲಿದ್ದವು. ಗೌಡರ, ದೇಸಾಯರ ವಾಡೆಗಳಿಗೆ ಬಿಟ್ಟಿ ಹೋದವರ ಮಕ್ಕಳು ಈ ಸಭೆಯಲ್ಲೇ ಇರಬಹುದು. ಸಂವಿಧಾನದ 23ನೆಯ ವಿಧಿ ನಿಷೇಧಿಸಿರುವ 'ಬೇಗಾರ್' ಕೂಡ ಅದೇ. ಆದರೂ ಸಾಲಕ್ಕೆ ಮೈಯನ್ನೇ ಒತ್ತೆಯಿಡುವ ಜೀತವನ್ನು ಕಾನೂನಿನಿಂದ ತೊಡೆಯಲು 1976ರ ಕಾಯ್ದೆಯೇ ಬೇಕಾಯಿತು. ನಾವು ಯಂತ್ರಕ್ಕೆ ಇಟ್ಟಿರುವ ಹೆಸರಿನೊಳಗೆ ಆ ಜೀತದಾಳು ಇನ್ನೂ ನಿಂತೇ ಇದ್ದಾನೆ.

ಜೀತದ ಗುರುತು ಯಾವುದು? ದುಡಿತ ಎಂದರೆ ಸಾಲದು, ಒಕ್ಕಲುತನವೂ ದುಡಿತವೇ. ಬಡತನ ಎಂದರೂ ಸಾಲದು. ನಮ್ಮ ಭಾಗದ ಒಂದು ಪದ ಇದನ್ನು ನೇರವಾಗಿ ಹೇಳುತ್ತದೆ. ಮಗುವಿಗೆ ಹಾಲು ಬೇಡವಾದರೆ ಮುಖ ತಿರುಗಿಸಿ "ಒಲ್ಲೆ" ಎನ್ನುತ್ತದೆ. ಬೀಗರ ಮನೆಯಲ್ಲಿ ಎರಡನೆಯ ಹೋಳಿಗೆಗೆ "ಒಲ್ಲೆ" ಎನ್ನುತ್ತೇವೆ, ಮನಸ್ಸಿಗೆ ಬಾರದ ಸಂಬಂಧಕ್ಕೆ ಹುಡುಗಿ "ಒಲ್ಲೆ" ಎನ್ನುತ್ತಾಳೆ. ಯಾವ ಮನುಷ್ಯನ ಬಾಯಿಂದ ಈ ಎರಡು ಅಕ್ಷರಗಳನ್ನು ಕಿತ್ತುಕೊಳ್ಳಲಾಗಿತ್ತೋ ಆ ಮನುಷ್ಯನೇ ಜೀತದಾಳು. ಮನೆಗೆಲಸದ ಯಂತ್ರವನ್ನು ಮಾರುವವರು ಕೊಡುವ ಭರವಸೆಯೂ ಕೊನೆಗೆ ಇಷ್ಟೇ: ಇದು ಎಂದೂ ಒಲ್ಲೆ ಎನ್ನುವುದಿಲ್ಲ.

ವಸ್ತುಗಳ ಮೇಲೆ ಅಕ್ಕರೆ ಇಟ್ಟುಕೊಳ್ಳುವುದು ಹುಚ್ಚುತನ ಎಂದು ನಾನು ಹೇಳುತ್ತಿದ್ದೇನೆ ಎಂದು ಯಾರೂ ತಿಳಿಯಬಾರದು. ಆ ಅಕ್ಕರೆ ನಮ್ಮಲ್ಲಿ ಬಹಳ ಹಳೆಯದು. ಕಾರ ಹುಣ್ಣಿಮೆಯಲ್ಲಿ ಎತ್ತಿನ ಕೊಂಬಿಗೆ ಬಣ್ಣ ಬಳಿಯುತ್ತೇವೆ. ಅದಾದ ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ ಬಂದಾಗ ಮಣ್ಣಿನಲ್ಲಿ ಜೋಡೆತ್ತು ಮಾಡಿ, ನೈವೇದ್ಯ ತೋರಿಸಿ ಕೈಮುಗಿಯುತ್ತೇವೆ. ಆಯುಧ ಪೂಜೆಯಂದು ಹೊಲಿಗೆ ಯಂತ್ರಕ್ಕೂ ಕುಂಕುಮ ಬೀಳುತ್ತದೆ. ಇಲ್ಲಿಂದ ತುಸು ದೂರದ ಕಿನ್ನಾಳದಲ್ಲಿ ಚಿತ್ರಗಾರರ ಕೆಲಸವನ್ನು ನಾನು ಒಂದು ಇಡೀ ಮಧ್ಯಾಹ್ನ ಕೂತು ನೋಡಿದ್ದೇನೆ. ಹಗುರವಾದ ಮರದ ಮೈ, ಕೂಡುಗೆರೆಗಳನ್ನು ಮುಚ್ಚಲು ಹುಣಸೆ ಬೀಜದ ಅಂಟಿನಲ್ಲಿ ಕಲಸಿದ ಮರದ ಹುಡಿ, ಅದರ ಮೇಲೆ ಬಿಳಿ, ಅದರ ಮೇಲೆ ಬಣ್ಣ. ಅಲ್ಲಿಯವರೆಗೂ ಗೊಂಬೆಯನ್ನು ಕಾಲಿನ ನಡುವೆ ಅದುಮಿ ಹಿಡಿದು ಉಜ್ಜುತ್ತಿದ್ದ ಹಿರಿಯರು, ಕಣ್ಣು ಬರೆಯುವ ಹೊತ್ತಿಗೆ ಅದನ್ನು ಎಡಗೈಯಲ್ಲಿ ಕೂಸಿನ ಹಾಗೆ ಎತ್ತಿಕೊಂಡರು. ಎರಡು ಕಪ್ಪು ಚುಕ್ಕೆ ಬಿದ್ದ ಮೇಲೆ ಅದನ್ನು ಮತ್ತೆ ಅಡ್ಡ ಕೆಡವಲಿಲ್ಲ, ಗೋಡೆಗೆ ಒರಗಿಸಿ ಕೂರಿಸಿದರು.

ಕಣ್ಣಿದ್ದ ಮೇಲೆ ನಮ್ಮ ಕೈ ತಾನಾಗಿ ಮೆತ್ತಗಾಗುತ್ತದೆ, ಮಾತಿದ್ದರಂತೂ ಇನ್ನಷ್ಟು. 1966ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಜೋಸೆಫ್ ವೈಜೆನ್‌ಬಾಮ್ ಎಂಬ ವಿಜ್ಞಾನಿ, ನಾವು ಬರೆದ ಮಾತನ್ನೇ ತಿರುಗಿಸಿ ಪ್ರಶ್ನೆಯಾಗಿಸಿ ಕೇಳುವ 'ಎಲೈಜಾ' ಎಂಬ ಸರಳ ಕಂಪ್ಯೂಟರ್ ಪ್ರೋಗ್ರಾಮನ್ನು ಪ್ರಕಟಿಸಿದರು. ಅವರು ಅದನ್ನು ಕಟ್ಟುತ್ತಿದ್ದುದನ್ನು ತಿಂಗಳುಗಟ್ಟಲೆ ಕಣ್ಣಾರೆ ಕಂಡಿದ್ದ ಅವರ ಕಾರ್ಯದರ್ಶಿಯೇ, ಅದರೊಂದಿಗೆ ಸ್ವಲ್ಪ ಹೊತ್ತು ಮಾತನಾಡಿದ ಮೇಲೆ, ತಾವು ಸ್ವಲ್ಪ ಹೊರಗೆ ಹೋಗಿ ಎಂದು ಅವರನ್ನು ಕೇಳಿಕೊಂಡರು. ಜಪಾನಿನ ಸೋನಿ ಕಂಪನಿ 1999ರಲ್ಲಿ 'ಐಬೋ' ಎಂಬ ಯಂತ್ರನಾಯಿಯನ್ನು ಮಾರಾಟಕ್ಕೆ ತಂದು, 2006ರಲ್ಲಿ ತಯಾರಿಕೆಯನ್ನು, 2014ರಲ್ಲಿ ದುರಸ್ತಿಯನ್ನು ನಿಲ್ಲಿಸಿತು. ಕೆಟ್ಟುನಿಂತ ಆ ನಾಯಿಗಳಿಗೆ ಚೀಬಾ ಪ್ರಾಂತದ ಒಂದು ಬೌದ್ಧ ದೇವಾಲಯದಲ್ಲಿ ಮಂತ್ರ ಹೇಳಿ ಅಂತ್ಯಸಂಸ್ಕಾರ ಮಾಡಿಸಿದರು. ಮಣ್ಣೆತ್ತುಗಳನ್ನು ನೀರಿಗೆ ಬಿಟ್ಟು ಬರುವಾಗ ಬಿಕ್ಕಿ ಅಳುವ ಮಕ್ಕಳನ್ನು ಕಂಡವರಿಗೆ ಇದರಲ್ಲಿ ನಗುವಂಥದ್ದೇನೂ ಕಾಣುವುದಿಲ್ಲ.

ಆದರೆ ಎತ್ತಿನ ಮಾತು ಬಂದದ್ದರಿಂದ ಒಂದು ವ್ಯತ್ಯಾಸವನ್ನು ಹೇಳಬೇಕು. ಎತ್ತು ಒಲ್ಲೆ ಎನ್ನುತ್ತದೆ. ಹೆಗಲು ಹುಣ್ಣಾದರೆ ನೊಗ ಕೊಡವುತ್ತದೆ, ದಣಿದರೆ ಸಾಲಿನ ನಡುವೆಯೇ ಮಲಗಿಬಿಡುತ್ತದೆ. ಹೊಡೆದರೂ ಏಳದ ಎತ್ತಿನ ಮುಂದೆ ಒಕ್ಕಲಿಗ ಕುಂತು, ಬಾರುಕೋಲು ಕೆಳಗಿಟ್ಟು, ಅದರ ಮೈ ಸವರಿ ನೋಡಲೇಬೇಕಾಗುತ್ತದೆ. ಎತ್ತಿನ ಮೇಲಿನ ಅಕ್ಕರೆ ಹಬ್ಬದ ದಿನದ ಬಣ್ಣದಲ್ಲಿ ಹುಟ್ಟಿದ್ದಲ್ಲ. ಮಲಗಿಬಿಟ್ಟ ಎತ್ತಿನ ಮುಂದೆ ಹಾಗೆ ಕೂತ ಗಳಿಗೆಗಳಲ್ಲಿ ಹುಟ್ಟಿದ್ದು ಎಂದು ನನ್ನ ತಿಳಿವಳಿಕೆ. ದಣಿವೂ ಮುನಿಸೂ ಇಲ್ಲದ ಯಂತ್ರದ ಮುಂದೆ ಹಾಗೆ ಕೂರುವ ಪ್ರಸಂಗವೇ ನಮಗೆ ಬರುವುದಿಲ್ಲ.

ಇದಕ್ಕೆ ವಿರುದ್ಧವಾದ ಮಾತನ್ನೂ ನಾನೇ ಹೇಳುತ್ತೇನೆ, ಏಕೆಂದರೆ ಅದು ನನ್ನ ಮನೆಯ ಮಾತು. ನಮ್ಮ ಅವ್ವ ಒಂದು ಸಂಜೆಯೊಳಗೆ "ಇವತ್ತು ಯಾವ ವಾರ?" ಎಂದು ನಲವತ್ತು ಸಲ ಕೇಳುತ್ತಾಳೆ. ಹತ್ತನೆಯ ಸಲಕ್ಕೆ ನನ್ನ ದನಿ ಏರುತ್ತದೆ, ಇಪ್ಪತ್ತನೆಯ ಸಲಕ್ಕೆ ಎದ್ದು ಒಳಗೆ ಹೋಗುತ್ತೇನೆ. ಮಾಡದಲ್ಲಿರುವ ಆ ಮೊಬೈಲ್ ನಲವತ್ತನೆಯ ಸಲವೂ ಅದೇ ದನಿಯಲ್ಲಿ "ಇಂದು ಗುರುವಾರ" ಎನ್ನುತ್ತದೆ. ಮರೆವಿನ ಕಾಯಿಲೆಯ ಹಿರಿಯರಿಗಾಗಿ ಜಪಾನಿನ ತಕನೋರಿ ಶಿಬಾತ ಅವರು ರೂಪಿಸಿದ, ಸೀಲ್ ಎಂಬ ಕಡಲಪ್ರಾಣಿಯ ಮರಿಯಂತಿರುವ 'ಪಾರೋ' ಎಂಬ ಯಂತ್ರವನ್ನು ಹಲವು ದೇಶಗಳ ವೃದ್ಧಾಶ್ರಮಗಳಲ್ಲಿ ಬಳಸುತ್ತಿದ್ದಾರೆ. ಅದನ್ನು ತಡವುತ್ತ ಕೂತ ಹಿರಿಯರ ಕಳವಳ ಇಳಿಯುವುದನ್ನು ಅಲ್ಲಿನವರು ಕಂಡಿದ್ದಾರೆ. ಮಗಳು ಊರಲ್ಲಿಲ್ಲದ, ಸೊಸೆಗೆ ಹೊಲದ ಕೆಲಸ ಇರುವ ಮನೆಯಲ್ಲಿ ಇಂಥದ್ದೊಂದು ಇದ್ದರೆ ಬೇಡ ಎನ್ನಲು ನನಗೆ ಬಾಯಿ ಬರುವುದಿಲ್ಲ. ಅವ್ವನನ್ನು ಎತ್ತಿ ಕೂರಿಸುವಾಗ ನನ್ನ ಸೊಂಟ ಹಿಡಿಯುತ್ತದೆ. ಎತ್ತಿ ಕೂರಿಸುವ ಯಂತ್ರ ಬಂದರೆ ನಾನೇ ಮೊದಲು ಬಾಗಿಲು ತೆರೆಯುತ್ತೇನೆ. ಇಷ್ಟು ಮಾತ್ರ ಗಮನಿಸಿದ್ದೇನೆ: ನಾನು ಗದರಿದ ದಿನ ರಾತ್ರಿ ನಿದ್ದೆ ಬಾರದೆ ಹೋಗಿ ಅವಳ ಕಾಲ ಬಳಿ ಕೂರುತ್ತೇನೆ, ಅವಳು ನನ್ನ ತಲೆಯ ಮೇಲೆ ಕೈ ಇಡುತ್ತಾಳೆ. ಆ ಮೊಬೈಲ್ ಬಂದ ಮೇಲೆ ನಾನು ಗದರುವುದೂ ಕಡಿಮೆಯಾಗಿದೆ, ಹಾಗೆ ಹೋಗಿ ಕೂರುವುದೂ ಕಡಿಮೆಯಾಗಿದೆ.

ಕನ್ನಡ ಕಲಿಸಿದವಳಾದ್ದರಿಂದ ವ್ಯಾಕರಣದ ಒಂದು ಸಂಗತಿಯನ್ನು ಇಲ್ಲಿ ಸೇರಿಸುತ್ತೇನೆ. ನಮ್ಮ ಭಾಷೆಯಲ್ಲಿ ಲಿಂಗ ಅರ್ಥವನ್ನು ಅನುಸರಿಸುತ್ತದೆ. ಕ್ರಿಯಾಪದ ಬಾಯಿಂದ ಹೊರಡುವ ಹೊತ್ತಿಗೆ, ಬಂದದ್ದು ವ್ಯಕ್ತಿಯೋ ವಸ್ತುವೋ ಎಂದು ನಾವು ತೀರ್ಮಾನಿಸಿಯೇ ಇರಬೇಕು. ಬಂದಳು, ಬಂದನು, ಬಂತು. ತುಂಗಭದ್ರೆಯ ಆಚೆ ತೆಲುಗಿನಲ್ಲಿ ಹೆಣ್ಣಿಗೂ ವಸ್ತುವಿಗೂ ಏಕವಚನದಲ್ಲಿ ಒಂದೇ ಕ್ರಿಯಾರೂಪ ಸಾಕು. ಕನ್ನಡದಲ್ಲಿ ಆ ಅನುಕೂಲವಿಲ್ಲ. ಆದರೆ ನಮ್ಮ ಬಳಕೆ ವ್ಯಾಕರಣದ ಗೆರೆಯನ್ನು ಎರಡೂ ಕಡೆಗೆ ದಾಟುತ್ತದೆ. ಕೂಸು ಅತ್ತಿತು ಎನ್ನುವುದು ಮುದ್ದಿನಿಂದ. ಸೂರ್ಯ ಮುಳುಗಿದ ಎನ್ನುವುದು ಗೌರವದಿಂದ. ಕೆಲಸದವಳ ವಿಷಯದಲ್ಲಿ "ಅದು ಇವತ್ತು ಬಂದಿಲ್ಲ" ಎಂದು ಎಷ್ಟೋ ಮನೆಗಳಲ್ಲಿ ಕೇಳಿದ್ದೇನೆ. ಅಲ್ಲಿ ಮುದ್ದೂ ಇಲ್ಲ, ಗೌರವವೂ ಇಲ್ಲ. ನಾಳೆ ಹೆಣ್ಣಿನ ದನಿ, ಹೆಣ್ಣಿನ ಮುಖ ಇರುವ ಯಂತ್ರ ಬಂದಾಗ ಅದನ್ನು "ಅವಳು" ಎಂದು ಕರೆದು, ಭಾಂಡೆ ತಿಕ್ಕುವಾಕೆಯನ್ನು "ಅದು" ಎಂದೇ ಮುಂದುವರಿಸಿದರೆ, ಆ ಮನೆಯಲ್ಲಿ ಮಾತು ಕಲಿಯುವ ಮಗು ಎರಡನ್ನೂ ಕಲಿಯುತ್ತದೆ.

ಇನ್ನು ಪರದೆಯ ಹಿಂದಿನವರ ವಿಷಯ. ನಮ್ಮ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ತೊಗಲುಗೊಂಬೆಯಾಟಕ್ಕಾಗಿ 2025ರಲ್ಲಿ ಪದ್ಮಶ್ರೀ ಬಂದಾಗ ಅವರ ವಯಸ್ಸು 96. ತೊಗಲುಗೊಂಬೆಯ ಆಟ ನೋಡಿದವರಿಗೆ ಗೊತ್ತು, ಬೆಳಕಿನ ಎದುರು ಸೀತೆ ಅಳುವಾಗ ನಾವೂ ಅಳುತ್ತೇವೆ, ಆದರೆ ಪರದೆಯ ಹಿಂದೆ ಯಾರೋ ಕೂತು ಹಾಡುತ್ತಿದ್ದಾರೆ ಎಂಬುದು ಮುಂದಿನ ಸಾಲಿನ ಮಗುವಿಗೂ ತಿಳಿದಿರುತ್ತದೆ. ಆಟ ಮುಗಿದ ಮೇಲೆ ಅವರು ಹೊರಗೆ ಬರುತ್ತಾರೆ. ಊರವರು ಜೋಳ ಕೊಟ್ಟು ಕಳಿಸುತ್ತಾರೆ. ನಾನು ಮೊದಲು ಹೇಳಿದ ಆ 20,000 ಡಾಲರಿನ ಯಂತ್ರಕ್ಕೆ ಬಾರದ ಕೆಲಸ ಎದುರಾದರೆ, ಮನೆಯವರ ಒಪ್ಪಿಗೆ ಪಡೆದು, ದೂರದಲ್ಲಿ ಕಣ್ಣಿಗೆ ಯಂತ್ರ ಕಟ್ಟಿಕೊಂಡು ಕೂತ ಕಂಪನಿಯ ಒಬ್ಬ ಮನುಷ್ಯ ಅದರ ಕೈಕಾಲುಗಳನ್ನು ಆಡಿಸುತ್ತಾನೆ ಎಂದು ಕಂಪನಿಯೇ ಹೇಳಿಕೊಂಡಿದೆ. ಈ ಪರದೆಯ ಹಿಂದಿರುವವರು ಆಟ ಮುಗಿದ ಮೇಲೂ ಹೊರಗೆ ಬರುವುದಿಲ್ಲ.

ಗುಳೆ ಎಂಬ ಪದದ ಅರ್ಥವನ್ನು ಈ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಳೆ ಕೈಕೊಟ್ಟ ವರ್ಷ ಗಂಟು ಕಟ್ಟಿಕೊಂಡು ಬೆಂಗಳೂರಿಗೋ ಮಂಗಳೂರಿಗೋ ಹೋಗುವ ಬಸ್ಸುಗಳನ್ನು ಕುಷ್ಟಗಿ, ಯಲಬುರ್ಗಾ, ಲಿಂಗಸುಗೂರುಗಳ ನಿಲ್ದಾಣಗಳಲ್ಲಿ ಎಲ್ಲರೂ ಕಂಡಿದ್ದೇವೆ. ಮುಂದೆ ಒಂದು ದಿನ ಕುಷ್ಟಗಿಯ ಒಂದು ಕೋಣೆಯಲ್ಲಿ ಕೂತ ಹುಡುಗಿಯೊಬ್ಬಳು ಬೆಂಗಳೂರಿನ ಮನೆಯೊಂದರಲ್ಲಿ ನಿಂತ ಯಂತ್ರದ ಕೈಯಿಂದ ಬಟ್ಟೆ ಮಡಿಸಬಹುದು. ಅದರ ಕಣ್ಣಿನಿಂದ ಆ ಮನೆಯ ಜಗಳ, ಮುದ್ದು, ಔಷಧಿಯ ಡಬ್ಬಿ ಎಲ್ಲವನ್ನೂ ನೋಡಬಹುದು. ಮೈ ಊರಲ್ಲೇ ಉಳಿದು ದುಡಿಮೆ ಮಾತ್ರ ಗುಳೆ ಹೋಗುವ ಕಾಲ ಅದು. ಹೆತ್ತವರನ್ನು ಬಿಟ್ಟುಹೋಗುವುದು ತಪ್ಪಿತಲ್ಲ ಎಂದು ಒಮ್ಮೆ ಸಮಾಧಾನವೂ ಆಗುತ್ತದೆ. ಆದರೆ ಆ ಮನೆಯವರಿಗೆ ಅವಳು ಯಾರು? ಯಂತ್ರವನ್ನು ಬೈದರೆ ಬೈಗುಳ ಯಾರ ಕಿವಿಗೆ ಬೀಳುತ್ತದೆ? ಹನ್ನೊಂದು ವರ್ಷ ಹಿತ್ತಲ ಬಾಗಿಲಿನಿಂದ ಬಂದವಳಿಗೆ ಒಂದು ಲೋಟವಾದರೂ ಇತ್ತು, ಒಂದು ಮುಖವಾದರೂ ಇತ್ತು. ಇವಳಿಗೆ ಅದೂ ಇರುವುದಿಲ್ಲ.

ಕಾನೂನು ಇಲ್ಲಿ ಅರ್ಧ ದಾರಿಗೆ ಬಂದಿದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರ ಆಗಸ್ಟ್‌ನಲ್ಲಿ ಹೇಳಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ವೈಯಕ್ತಿಕ ಮಾಹಿತಿಯ ರಕ್ಷಣೆಗೆಂದು 2023ರಲ್ಲಿ ಕಾಯ್ದೆಯೂ ಬಂತು. ಆದರೆ ವ್ಯಕ್ತಿಯೊಬ್ಬರು ತಮ್ಮ ಸ್ವಂತಕ್ಕೆ ಅಥವಾ ಮನೆಬಳಕೆಗೆ ಉಪಯೋಗಿಸುವ ಮಾಹಿತಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಯಂತ್ರದ ಕಣ್ಣಿಗೆ ಬೀಳಲು ಮನೆಯವರು ಒಪ್ಪಿರುತ್ತಾರೆ. ಅದೇ ಮನೆಗೆ ದಿನಾಲೂ ಬರುವ ಕೆಲಸದ ಹೆಣ್ಣುಮಗಳನ್ನು ಯಾರೂ ಕೇಳಿರುವುದಿಲ್ಲ. ಮನೆಗೆಲಸದವರ ಘನತೆಯ ದುಡಿಮೆಗಾಗಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2011ರಲ್ಲಿ ರೂಪಿಸಿದ 189ನೆಯ ಒಪ್ಪಂದವನ್ನು ಭಾರತ ಇನ್ನೂ ಅನುಮೋದಿಸಿಲ್ಲ. ಮನುಷ್ಯರ ಈ ಲೆಕ್ಕ ಬಾಕಿ ಇರುವಾಗಲೇ ಯಂತ್ರಗಳ ಹಕ್ಕಿನ ಚರ್ಚೆಗೆ ಓಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಮಕ್ಕಳ ವಿಷಯ ಉಳಿದಿದೆ. ಅಮೆರಿಕದಲ್ಲಿ 'ಮಾಕ್ಸಿ' ಎಂಬ, ಮಕ್ಕಳೊಂದಿಗೆ ಮಾತನಾಡುವ ಪುಟ್ಟ ಯಂತ್ರವಿತ್ತು. 2024ರ ಡಿಸೆಂಬರ್‌ನಲ್ಲಿ ಅದನ್ನು ತಯಾರಿಸಿದ ಕಂಪನಿ ಹಣವಿಲ್ಲದೆ ಮುಚ್ಚುವುದಾಗಿ ತಿಳಿಸಿತು. ನಿನ್ನ ಗೆಳೆಯ ಇನ್ನು ಮಾತನಾಡಲಾರ ಎಂದು ತಂದೆ-ತಾಯಿಗಳು ಮಕ್ಕಳಿಗೆ ಹೇಳಬೇಕಾಯಿತು. ಮಕ್ಕಳು ಆ ದುಃಖವನ್ನು ದಾಟುತ್ತಾರೆ. ನನ್ನ ಅಳುಕು, ಗೆಳೆಯ ಹೋಗುವುದಕ್ಕಿಂತ ಅವನು ಇದ್ದಷ್ಟು ದಿನದ್ದು. ಚೆಂಡು ನಿನ್ನದಾದರೂ ಆಟ ನಾನು ಒಲ್ಲೆ ಎಂದು ಎದ್ದುಹೋಗುವ ಗೆಳೆಯನಿಂದ ಮಗು ಕಲಿಯುವುದನ್ನು, ಎಂದೂ ಎದ್ದುಹೋಗದ ಗೆಳೆಯ ಕಲಿಸಲಾರ. ಕೊಪ್ಪಳದ ನಮ್ಮ ಗವಿಮಠದ ಜಾತ್ರೆಯ ದಾಸೋಹಕ್ಕೆ ಸುತ್ತಲಿನ ಊರುಗಳಿಂದ ಬರುವ ಜೋಳದ ರೊಟ್ಟಿಗಳನ್ನು ನೆನೆಯಿರಿ. ಹೊಗೆಯಲ್ಲಿ ಕಣ್ಣು ಒರೆಸಿಕೊಳ್ಳುತ್ತ ಬಡಿದ ಆ ಒಂದೊಂದು ರೊಟ್ಟಿಯನ್ನೂ, ಬಡಿಯದೆ ಇರಬಹುದಾಗಿದ್ದ ಒಬ್ಬ ಹೆಣ್ಣುಮಗಳು ಬಡಿದಿರುತ್ತಾಳೆ. ಅದಕ್ಕೇ ಅದನ್ನು ಸೇವೆ ಎನ್ನುತ್ತೇವೆ. ಯಂತ್ರ ಅದಕ್ಕಿಂತ ತೆಳುವಾಗಿ, ದುಂಡಗೆ ಬಡಿಯಬಹುದು. ಅದನ್ನೂ ಉಣ್ಣೋಣ, ಸೇವೆ ಎನ್ನದಿರೋಣ.

ಅದೇ ಗವಿಮಠದ ಬಂಡೆಯ ಮೇಲೆ ಅಶೋಕನ ಒಂದು ಕಿರು ಶಾಸನವಿದೆ. ಆದರೆ ನಾನು ಈ ಹೊತ್ತು ಹುಡುಕುವ ಮಾತು ಅದರಲ್ಲಿಲ್ಲ. ಅದು ಅವನ ಒಂಬತ್ತನೆಯ ಹಿರಿಯ ಬಂಡೆಶಾಸನದಲ್ಲಿದೆ. ಮದುವೆ, ಪಯಣ, ಕಾಯಿಲೆಗಳಿಗೆಂದು ಜನ ಮಾಡುವ ಹಲಬಗೆಯ ಮಂಗಳಕಾರ್ಯಗಳಿಂದ ಸಿಗುವ ಫಲ ಕಡಿಮೆ, ದಾಸರೊಂದಿಗೂ ಕೂಲಿಯಾಳುಗಳೊಂದಿಗೂ ಸರಿಯಾಗಿ ನಡೆದುಕೊಳ್ಳುವುದೇ ಮೊದಲಾದ ಧರ್ಮದ ಮಂಗಳವೇ ದೊಡ್ಡದು ಎಂಬುದು ಅದರ ಸಾರ. ಎರಡು ಸಾವಿರ ವರ್ಷಕ್ಕೂ ಹಿಂದೆ ಕಲ್ಲಿನಲ್ಲಿ ಕೆತ್ತಿಸಿ ಹೇಳಬೇಕಾಗಿ ಬಂದ ಮಾತು ಅದು.

ಮಾತು ಮುಗಿದ ಮೇಲೆ ಪಿಯುಸಿ ಓದುವ ಹುಡುಗಿಯೊಬ್ಬಳು ಎದ್ದು, "ಮೇಡಂ, ಆಮೇಲೆ ಆ ಅಕ್ಕನನ್ನು ನೀವು ಕೇಳಿದಿರಾ?" ಎಂದಳು. ಕೇಳಿದೆ. ಮರುದಿನ ಆಕೆ ಬುಟ್ಟಿ ಇಳಿಸುವ ಹೊತ್ತಿಗೆ ತಾಟಿನಲ್ಲಿ ರೊಟ್ಟಿ, ಪುಂಡಿಪಲ್ಯ ಹಾಕಿ ಅಡುಗೆಮನೆಯಲ್ಲೇ ಮಣೆ ಇಟ್ಟು, "ಬಾರವಾ, ಉಣ್ಣು" ಎಂದೆ. ಆಕೆ ತಾಟನ್ನು ನೋಡಿದಳು, ನನ್ನನ್ನು ನೋಡಿದಳು. "ಒಲ್ಲೆನ್ರೀ ಅಕ್ಕೋರ, ಇನ್ನಾ ಎರಡು ಮನಿ ಅದಾವ" ಎಂದು ಸೆರಗು ಸರಿಪಡಿಸಿಕೊಂಡು ಹಿತ್ತಲ ಬಾಗಿಲಿನಿಂದ ಹೊರಟುಹೋದಳು. ಒಳಗಿನಿಂದ ಅವ್ವ "ಯಾರು ಬಂದಿದ್ರು?" ಎಂದು ಕೇಳುತ್ತಿದ್ದಳು.